ರಾಯಚೂರಿಗೆ ಕಲ್ಲಿದ್ದಲು ತಂದು ಡೀಸೆಲ್ ಮಾಡಬಹುದೇ? ಗಣಿಯಿಂದ ಗ್ಯಾಸಿಫೈಯರ್‌ವರೆಗಿನ ಲೆಕ್ಕ

ಪ್ರಶ್ನೆ: ರಾಯಚೂರು, ಬಳ್ಳಾರಿಯ ಶಾಖೋತ್ಪನ್ನ ಸ್ಥಾವರಗಳಿಗೆ ದಿನವೂ ರೈಲಿನಲ್ಲಿ ಕಲ್ಲಿದ್ದಲು ಬರುತ್ತಿದೆ. ಹಳಿ ಇದೆ, ಕೃಷ್ಣೆಯ ನೀರಿದೆ, ಜಾಗವೂ ಇದೆ. ಕಲ್ಲಿದ್ದಲು ಅನಿಲೀಕರಣಕ್ಕೆ ಕೇಂದ್ರ ಸರ್ಕಾರ ಸಹಾಯಧನ ಕೊಡುತ್ತಿದೆ. ಹಾಗಿದ್ದ ಮೇಲೆ ನಮ್ಮಲ್ಲೇ ಒಂದು ಸ್ಥಾವರ ಹಾಕಿ ಮೆಥನಾಲ್ ಅಥವಾ ಡೀಸೆಲ್ ಮಾಡಬಹುದಲ್ಲವೇ? ಕಲ್ಲಿದ್ದಲನ್ನು ಎಲ್ಲಿಂದ ತಂದರೆ ಎಷ್ಟು ಬೀಳುತ್ತದೆ, ಅದರ ಲೆಕ್ಕ ಹಾಕುವುದು ಹೇಗೆ?

ಉತ್ತರ: ಮಾಡಬಹುದು, ತಂತ್ರಜ್ಞಾನದ ಅಡ್ಡಿ ಏನೂ ಇಲ್ಲ. ಕಲ್ಲಿದ್ದಲನ್ನು ಆಮ್ಲಜನಕ, ಉಗಿಯೊಂದಿಗೆ ಬಿಸಿ ಮಾಡಿ ಅನಿಲವಾಗಿಸುವ ಕುಲುಮೆಯೇ ಗ್ಯಾಸಿಫೈಯರ್, ಆ ಅನಿಲದಿಂದಲೇ (ಸಿನ್‌ಗ್ಯಾಸ್) ಮೆಥನಾಲ್ ಅಥವಾ ಡೀಸೆಲ್ ಮಾಡುವುದು. ಆದರೆ ಡೀಸೆಲ್ ಆದರೆ ಲೆಕ್ಕ ಕೂಡುವುದೇ ಇಲ್ಲ, ಮೆಥನಾಲ್ ಆದರೆ ಬಹಳ ಕಷ್ಟದಿಂದ ಕೂಡೀತು. ಕಬ್ಬಿನ ಕಾರ್ಖಾನೆ ಯಾಕೆ ಹೊಲಗಳ ನಡುವೆ ಇರುತ್ತದೆ ಎಂದು ಯೋಚಿಸಿ. 100 ಕೆ.ಜಿ. ಕಬ್ಬಿನಿಂದ ಸಿಗುವುದು ಸುಮಾರು 10 ಕೆ.ಜಿ. ಸಕ್ಕರೆ. ಸಕ್ಕರೆ ಎಷ್ಟು ದೂರ ಬೇಕಾದರೂ ಹೋಗುತ್ತದೆ, ಕಬ್ಬು ಹೋಗುವುದಿಲ್ಲ. ಭಾರತದ ಕಲ್ಲಿದ್ದಲಿನ ಕಥೆಯೂ ಅದೇ. ಒಂದು ಟನ್ ಡೀಸೆಲ್‌ಗೆ ಆರು ಟನ್ನಿಗೂ ಹೆಚ್ಚು ಕಲ್ಲಿದ್ದಲು ಬೇಕು, ಅದರಲ್ಲಿ ಎರಡೂವರೆ ಟನ್ ಬರೀ ಬೂದಿ.

ಲೆಕ್ಕವನ್ನು ಟನ್ನಿನಲ್ಲಿ ಹಾಕಬೇಡಿ, ಶಾಖದಲ್ಲಿ ಹಾಕಿ. 2012ರ ಜನವರಿಯಿಂದ ನಮ್ಮ ಕಲ್ಲಿದ್ದಲನ್ನು ಜಿ1ರಿಂದ ಜಿ17ರವರೆಗೆ ಒಟ್ಟು ಶಾಖಮೌಲ್ಯದ ಮೇಲೆ, 300 ಕಿಲೋಕ್ಯಾಲೊರಿಯ ಮೆಟ್ಟಿಲುಗಳಲ್ಲಿ ವಿಂಗಡಿಸುತ್ತಾರೆ. ಜಿ12 ಎಂದರೆ ಕೆ.ಜಿ.ಗೆ 3,701ರಿಂದ 4,000 ಕಿಲೋಕ್ಯಾಲೊರಿ. ಒಡಿಶಾದ ತಾಲ್ಚೇರ್ ಕಡೆಯಿಂದ ಬರುವ ಸರಕು ಹೆಚ್ಚಾಗಿ ಈ ಆಸುಪಾಸಿನದು. ನಡುವಿನ 3,850 ಹಿಡಿದರೆ ಟನ್ನಿಗೆ ಸುಮಾರು 16.1 ಗಿಗಾಜೂಲ್ (ಶಾಖದ ದೊಡ್ಡ ಅಳತೆ) ಆಯಿತು. ಇದನ್ನು ಅನಿಲ ಮಾಡಿ, ಸ್ವಚ್ಛಗೊಳಿಸಿ, ಸ್ಥಾವರದ ಉಗಿ ಮತ್ತು ವಿದ್ಯುತ್ತಿಗೂ ಅದೇ ಕಲ್ಲಿದ್ದಲು ಉರಿಸಿದರೆ ಮೆಥನಾಲ್‌ನಲ್ಲಿ ಅರ್ಧದಷ್ಟು ಶಾಖ ಉಳಿಯುತ್ತದೆ. ಒಂದು ಟನ್ ಮೆಥನಾಲ್‌ಗೆ ಸುಮಾರು 2.8 ಟನ್ ಕಲ್ಲಿದ್ದಲು ಬೇಕಾಗುತ್ತದೆ. ಅನಿಲವನ್ನು ವೇಗವರ್ಧಕದ ಮೇಲೆ ಹಾಯಿಸಿ ದ್ರವ ಇಂಧನ ಮಾಡುವ ಫಿಷರ್–ಟ್ರಾಪ್ಶ್ ದಾರಿಯಲ್ಲಿ ಡೀಸೆಲ್, ನಾಫ್ತಾ (ಪೆಟ್ರೋಲಿನಂಥ ಹಗುರ ದ್ರವ) ಮಾಡಿದರೆ ಉಳಿಯುವುದು ಶೇ. 42ರ ಆಚೀಚೆ, ಹಾಗಾಗಿ ಟನ್ ಇಂಧನಕ್ಕೆ ಸುಮಾರು 6.6 ಟನ್. ಮುಂದಿನ ಲೆಕ್ಕವೆಲ್ಲ ಈ ಎರಡು ಸಂಖ್ಯೆಗಳ ಮೇಲೆ ನಿಂತಿದೆ. ನಿಮ್ಮ ಕೈಗೆ ಬರುವ ಯೋಜನಾ ವರದಿಯಲ್ಲಿ ಇವು ಬಹಳ ಕಡಿಮೆ ಕಂಡರೆ, ಉಗಿ ಮತ್ತು ವಿದ್ಯುತ್ತಿನ ಕಲ್ಲಿದ್ದಲನ್ನು ಬಿಟ್ಟಿದ್ದಾರೆಯೇ ಎಂದು ಮೊದಲು ನೋಡಿ.

ಈಗ ಬೆಲೆ. ಕೆಳಗಿನ ರೂಪಾಯಿಗಳು ಲೆಕ್ಕ ತೋರಿಸಲು ನಾನು ಇಟ್ಟುಕೊಂಡವು. ಇವತ್ತಿನ ದರಪಟ್ಟಿ ತಂದು ಇದೇ ಜಾಗಗಳಲ್ಲಿ ತುಂಬಿಕೊಳ್ಳಿ. ಗಣಿಯಲ್ಲಿ ಜಿ12ಕ್ಕೆ ವಿದ್ಯುತ್ತೇತರ ಗ್ರಾಹಕರ ಮೂಲ ಬೆಲೆ 1,100 ರೂಪಾಯಿ, ಲಿಂಕೇಜ್ (ದೀರ್ಘಾವಧಿ ಪೂರೈಕೆ) ಹರಾಜಿನಲ್ಲಿ ಏರಿದ ಪ್ರೀಮಿಯಂ 200, ಒಟ್ಟು 1,300 ಎಂದುಕೊಳ್ಳಿ. ಇದರ ಮೇಲೆ ಶೇ. 14 ರಾಜಧನ (ರಾಯಲ್ಟಿ) ಎಂದರೆ 182 ರೂಪಾಯಿ. ಹರಾಜಿಲ್ಲದೆ ಕೊಟ್ಟ ಹಳೆಯ ಗಣಿಯಾದರೆ ರಾಜಧನದ ಶೇ. 30 ಜಿಲ್ಲಾ ಖನಿಜ ನಿಧಿಗೆ, ಅದು 55. ಪುಡಿ ಮಾಡುವುದು, ಗಣಿಯಿಂದ ಸೈಡಿಂಗಿಗೆ (ರೈಲು ತುಂಬುವ ಹಳಿ) ಸಾಗಿಸುವುದು, ಹೊರಸಾಗಣೆ ಸೌಲಭ್ಯ ಶುಲ್ಕ, ಸಣ್ಣಪುಟ್ಟ ಸೆಸ್ ಸೇರಿ 210ರ ಸುಮಾರು. ಹೀಗೆ ವ್ಯಾಗನ್ ಹತ್ತುವ ಹೊತ್ತಿಗೆ ಟನ್ನಿಗೆ 1,750 ರೂಪಾಯಿ, ಗಿಗಾಜೂಲಿಗೆ 109 ರೂಪಾಯಿ. ಪತ್ರಿಕೆಯಲ್ಲಿ ಓದುವ 'ಕಲ್ಲಿದ್ದಲಿನ ಬೆಲೆ'ಗೂ ಇದಕ್ಕೂ 650 ರೂಪಾಯಿ ವ್ಯತ್ಯಾಸ ಆಗಲೇ ಬಿತ್ತು.

ತಾಲ್ಚೇರ್‌ನಿಂದ ರಾಯಚೂರಿಗೆ ಹಳಿಯ ದೂರ 1,400 ಕಿ.ಮೀ. ಎಂದು ಹಿಡಿಯೋಣ. ದಾರಿ ನೋಡಿಕೊಂಡು ಇನ್ನೂ ಹೆಚ್ಚೇ ಆದೀತು. ರೈಲ್ವೆ ಸರಕು ದರದಲ್ಲಿ ದೂರ ಬೆಳೆದಂತೆ ಕಿಲೋಮೀಟರಿನ ದರ ಇಳಿಯುತ್ತದೆ. ಇಷ್ಟು ದೂರಕ್ಕೆ ಟನ್ನಿಗೆ ಕಿ.ಮೀ.ಗೆ 1.65 ರೂಪಾಯಿಯಂತೆ ಸುಮಾರು 2,300 ರೂಪಾಯಿ. ಇಳಿಸುವ ಖರ್ಚು, ದಾರಿಯಲ್ಲಿ ಕಡಿಮೆ ಬೀಳುವ ತೂಕ ಸೇರಿಸಿ ಇನ್ನೊಂದು 100. ಸ್ಥಾವರದ ಬಾಗಿಲಲ್ಲಿ ಟನ್ನಿಗೆ 4,150, ಗಿಗಾಜೂಲಿಗೆ 258 ರೂಪಾಯಿ. 1,750ರ ಕಲ್ಲಿದ್ದಲಿಗೆ 2,400ರ ಸಾಗಣೆ: ಮೂಗಿಗಿಂತ ಮೂಗುತಿ ಭಾರ ಎಂಬುದು ಇಲ್ಲಿ ಅಕ್ಷರಶಃ ನಿಜ.

ಇದು ಇಂಧನದ ಬೆಲೆಗೆ ಹೇಗೆ ಇಳಿಯುತ್ತದೆ? ಒಂದು ಟನ್ ಮೆಥನಾಲ್‌ಗೆ ಬರೀ ಸಾಗಣೆ 2.8 × 2,400, ಅಂದರೆ 6,720 ರೂಪಾಯಿ. ಡೀಸೆಲ್‌ಗೆ 6.6 × 2,400, ಅಂದರೆ 15,840. ಫಿಷರ್–ಟ್ರಾಪ್ಶ್ ಡೀಸೆಲ್ ಹಗುರ, ಟನ್ನಿಗೆ ಸುಮಾರು 1,280 ಲೀಟರ್ ಬರುತ್ತದೆ. ಹಾಗಾಗಿ ಲೀಟರಿಗೆ ಬರೀ ಸಾಗಣೆಯೇ 12 ರೂಪಾಯಿಗೂ ಮೇಲೆ. ಗಣಿಯ ಪಕ್ಕದಲ್ಲೇ ಮಾಡಿದರೆ ಲೀಟರಿನೊಳಗಿನ ಕಲ್ಲಿದ್ದಲಿನ ಖರ್ಚು 9 ರೂಪಾಯಿ, ರಾಯಚೂರಿನಲ್ಲಿ ಮಾಡಿದರೆ 21.

ತಾಲ್ಚೇರ್‌ನಲ್ಲಿ ಮಾಡಿ ದ್ರವವನ್ನೇ ಇಲ್ಲಿಗೆ ತಂದರೆ? ಟ್ಯಾಂಕ್ ವ್ಯಾಗನ್ ಖಾಲಿ ಮರಳುತ್ತದೆ, ದರದ ವರ್ಗವೂ ಮೇಲಿನದು. ಟನ್ನಿಗೆ ಕಿ.ಮೀ.ಗೆ ಧಾರಾಳವಾಗಿ 2.50 ಹಿಡಿದರೂ 3,500 ರೂಪಾಯಿ. ಡೀಸೆಲ್ ಲೀಟರಿಗೆ ಅದು 2.70 ಮಾತ್ರ. ಮೆಥನಾಲ್‌ಗೂ ಅರ್ಧದಷ್ಟು ಉಳಿತಾಯ. ಒಂದು ಎಚ್ಚರಿಕೆ ಮಾತ್ರ ಬೇಕು. ಮೆಥನಾಲ್ ವಿಷಕಾರಿ, ನೀರು ಹೀರುತ್ತದೆ, ಕೆಲವು ಲೋಹ ಮತ್ತು ರಬ್ಬರುಗಳನ್ನು ತಿನ್ನುತ್ತದೆ. ಅದನ್ನು ಡೀಸೆಲ್ ಪೈಪ್‌ಲೈನಿನಲ್ಲಿ ಸರದಿಯ ಮೇಲೆ ಕಳಿಸಲಾಗದು, ಪ್ರತ್ಯೇಕ ಟ್ಯಾಂಕು, ಗ್ಯಾಸ್ಕೆಟ್, ತರಬೇತಾದ ಜನ ಬೇಕು. ಆ ಖರ್ಚು ಸೇರಿಸಿದರೂ ಕಲ್ಲಿದ್ದಲು ತರುವುದಕ್ಕಿಂತ ಅಗ್ಗವೇ.

ಸಹಾಯಧನದ ಮಾತು. 2024ರ ಜನವರಿಯಲ್ಲಿ ಕೇಂದ್ರ ಸಂಪುಟ ಒಪ್ಪಿದ 8,500 ಕೋಟಿ ರೂಪಾಯಿಯ ಯೋಜನೆಯಲ್ಲಿ ಖಾಸಗಿ ಕಂಪನಿಗಳಿಗೂ ತೆರೆದಿರುವ ವಿಭಾಗದಲ್ಲಿ ಒಂದು ಸ್ಥಾವರಕ್ಕೆ ಸಿಗುವುದು 1,000 ಕೋಟಿ ಅಥವಾ ಬಂಡವಾಳದ ಶೇ. 15, ಯಾವುದು ಕಡಿಮೆಯೋ ಅದು. ಅದೂ ಕಟ್ಟುವ ಹಂತಕ್ಕೆ. ದಿನಕ್ಕೆ 2,000 ಟನ್ ಮೆಥನಾಲ್ ಮಾಡುವ ಸ್ಥಾವರ ವರ್ಷಕ್ಕೆ 330 ದಿನ ಓಡಿದರೆ 6.6 ಲಕ್ಷ ಟನ್. ಟನ್ನಿಗೆ 6,720ರಂತೆ ವರ್ಷಕ್ಕೆ 443 ಕೋಟಿ ರೂಪಾಯಿ ರೈಲು ಬಾಡಿಗೆಗೇ ಹೋಗುತ್ತದೆ. ಇಡೀ 1,000 ಕೋಟಿ ಎರಡೂಕಾಲು ವರ್ಷದಲ್ಲಿ ಹಳಿಯ ಮೇಲೆ ಕರಗಿರುತ್ತದೆ, ಸ್ಥಾವರ ಮಾತ್ರ ಇಪ್ಪತ್ತೈದು ವರ್ಷ ಓಡಬೇಕು.

ತೆರಿಗೆಯ ಒಂದು ಗಂಟು ಇಲ್ಲಿದೆ, ಬಹಳ ವರದಿಗಳು ಇದನ್ನು ನೋಡುವುದೇ ಇಲ್ಲ. 2025ರ ಸೆಪ್ಟೆಂಬರ್ 22ರಿಂದ ಕಲ್ಲಿದ್ದಲಿನ ಮೇಲಿದ್ದ ಟನ್ನಿಗೆ 400 ರೂಪಾಯಿ ಪರಿಹಾರ ಸೆಸ್ ಹೋಗಿ, ಜಿಎಸ್‌ಟಿ ಶೇ. 5ರಿಂದ 18ಕ್ಕೆ ಏರಿತು. ಮೆಥನಾಲ್ ಜಿಎಸ್‌ಟಿಯೊಳಗಿನ ಸರಕು. ಕಲ್ಲಿದ್ದಲಿನ ಮೇಲೆ ಕಟ್ಟಿದ್ದನ್ನು ಮಾರಾಟದ ತೆರಿಗೆಯಲ್ಲಿ ಕಳೆದುಕೊಳ್ಳಬಹುದು. ಡೀಸೆಲ್, ಪೆಟ್ರೋಲ್ ಜಿಎಸ್‌ಟಿಯ ಹೊರಗಿವೆ, ಹಾಗಾಗಿ ಕಟ್ಟಿದ ತೆರಿಗೆ ಮರಳದೆ ಖರ್ಚಿಗೇ ಸೇರುತ್ತದೆ. 1,750 ರೂಪಾಯಿಯ ಶೇ. 18 ಸುಮಾರು 315, ಅದು ಡೀಸೆಲ್‌ನಲ್ಲಿ ಲೀಟರಿಗೆ 1.60. ಒಂದೇ ಗ್ಯಾಸಿಫೈಯರಿನಿಂದ ಮೆಥನಾಲ್ ಮಾಡುವುದೋ ಡೀಸೆಲ್ ಮಾಡುವುದೋ ಎಂಬ ಪ್ರಶ್ನೆಗೆ ರಸಾಯನಶಾಸ್ತ್ರದ ಜೊತೆ ಲೆಕ್ಕಪರಿಶೋಧಕರೂ ಉತ್ತರ ಹೇಳಬೇಕು.

ಬೂದಿ ಕಳೆದು ತಂದರೆ ಆಗದೇ ಎಂದು ನೀವು ಕೇಳಬಹುದು. ಸರಿಯಾದ ಪ್ರಶ್ನೆ. 3,900 ಟನ್ನಿನ ಒಂದು ರೇಕಿನಲ್ಲಿ (58 ವ್ಯಾಗನ್ನಿನ ಒಂದು ಸರಕು ರೈಲು) ಶೇ. 38 ಬೂದಿ ಇದ್ದರೆ 1,480 ಟನ್ ಮಣ್ಣು ಬಾಡಿಗೆ ಕೊಟ್ಟು ಪ್ರಯಾಣ ಮಾಡಿದಂತೆ. ಹಿಂದೆ 500 ಕಿ.ಮೀ. ಮೀರಿ ಸಾಗಿಸುವ ಕಲ್ಲಿದ್ದಲಿನ ಬೂದಿ ಶೇ. 34 ದಾಟಬಾರದೆಂದು ವಿದ್ಯುತ್ ಸ್ಥಾವರಗಳಿಗೆ ನಿಯಮವಿತ್ತು, 2020ರ ಮೇ ತಿಂಗಳಲ್ಲಿ ಅದನ್ನು ಸಡಿಲಿಸಿದರು. ವಾಷರಿಯ (ಕಲ್ಲಿದ್ದಲು ತೊಳೆದು ಬೂದಿ ಇಳಿಸುವ ಘಟಕ) ಲೆಕ್ಕ ಹೀಗೆ: 100 ಟನ್ ಹಾಕಿದರೆ 78 ಟನ್ ತೊಳೆದ ಕಲ್ಲಿದ್ದಲು, ಮೂಲ ಶಾಖದ ಶೇ. 90 ಅದರಲ್ಲಿ, ಉಳಿದ ಶೇ. 10 ತಿರಸ್ಕೃತ ಕಲ್ಲಿನೊಂದಿಗೆ ಹೋಯಿತು. ತೊಳೆಯುವುದಕ್ಕೆ ಟನ್ನಿಗೆ 200 ಎಂದರೆ 1,950 ಭಾಗಿಸು 0.78, ತೊಳೆದ ಟನ್ನಿಗೆ 2,500 ರೂಪಾಯಿ. ಶಾಖ 4,440 ಕಿಲೋಕ್ಯಾಲೊರಿಗೆ ಏರಿತು, ಟನ್ನಿಗೆ 18.6 ಗಿಗಾಜೂಲ್. ರಾಯಚೂರಿಗೆ ಬಂದಾಗ 4,900 ರೂಪಾಯಿ, ಗಿಗಾಜೂಲಿಗೆ 263. ತೊಳೆಯದ್ದು 258 ಇತ್ತು. ಅಂದರೆ 1,400 ಕಿ.ಮೀ. ದೂರದಲ್ಲೂ ಬರೀ ಶಾಖದ ಲೆಕ್ಕದಲ್ಲಿ ತೊಳೆತ ಹೆಚ್ಚುಕಡಿಮೆ ಸಮ, ಗಣಿಯ ಪಕ್ಕದಲ್ಲಾದರೆ 109ರ ಬದಲು 134, ಸ್ಪಷ್ಟ ನಷ್ಟ. ತೊಳೆಯಲು ನಿಜವಾದ ಕಾರಣ ಗ್ಯಾಸಿಫೈಯರಿನೊಳಗಿದೆ.

ಗ್ಯಾಸಿಫೈಯರುಗಳಲ್ಲಿ ಮೂರು ಜಾತಿ. ಒಂದೊಂದಕ್ಕೂ ಒಂದೊಂದು ಬಗೆಯ ಕಲ್ಲಿದ್ದಲು ಬೇಕು. ಆದ್ದರಿಂದ ಕಲ್ಲಿದ್ದಲಿನ ಮೂಲ ಗೊತ್ತಾಗದೆ ಯಂತ್ರ ಆರಿಸುವುದು ಹೆಣ್ಣು ನೋಡದೆ ಲಗ್ನ ನಿಶ್ಚಯಿಸಿದಂತೆ.

ಕಲ್ಲಿದ್ದಲನ್ನು ಹಾಸಿಗೆಯಂತೆ ಪೇರಿಸಿ ಅನಿಲ ಮಾಡುವ ಲೂರ್ಗಿ ಮಾದರಿಯ ಸ್ಥಿರ ಹಾಸಿಗೆಯದಕ್ಕೆ 6ರಿಂದ 50 ಮಿ.ಮೀ. ಗಾತ್ರದ ಉಂಡೆ ಬೇಕು. ಒಡಿಶಾದ ಅಂಗುಲ್‌ನ ಜಿಂದಾಲ್ ಉಕ್ಕು ಸ್ಥಾವರದಲ್ಲಿರುವುದು, ದಕ್ಷಿಣ ಆಫ್ರಿಕಾದ ಸೆಕುಂಡಾದಲ್ಲಿರುವುದು ಇದೇ ಜಾತಿ. ಬೂದಿ ಹೆಚ್ಚಿದ್ದರೂ ತಡೆಯುತ್ತದೆ, ಆದರೆ ಪುಡಿ ನುಗ್ಗಿದರೆ ಹಾಸಿಗೆಯೊಳಗೆ ಅನಿಲದ ದಾರಿ ಕಟ್ಟಿ, ಒಂದೇ ಕಡೆ ಬೆಂಕಿ ಹರಿದು, ಬೂದಿ ಹೆಪ್ಪುಗಟ್ಟುತ್ತದೆ. ಗಣಿಯಿಂದ ಬಂದ ಕಲ್ಲಿದ್ದಲನ್ನು ಒಡೆದಾಗ ಶೇ. 30ರಿಂದ 50ರವರೆಗೆ 6 ಮಿ.ಮೀ.ಗಿಂತ ಸಣ್ಣ ಪುಡಿಯೇ ಆಗುತ್ತದೆ. ವ್ಯಾಗನ್ ತುಂಬುವಾಗ, ಮಗುಚುವಾಗ, ಬೆಲ್ಟಿನಿಂದ ಬೆಲ್ಟಿಗೆ ಬೀಳುವಾಗ ಇನ್ನಷ್ಟು ಪುಡಿ. ಅಷ್ಟು ದೂರದಿಂದ ಬಾಡಿಗೆ ಕೊಟ್ಟು ತಂದ ಸರಕಿನಲ್ಲಿ ಅರ್ಧ ಗ್ಯಾಸಿಫೈಯರಿಗೆ ಆಗದಿದ್ದರೆ ಏನು ಮಾಡುವುದು? ಬಾಯ್ಲರಿನಲ್ಲಿ ಉರಿಸಬೇಕು, ಮಿಕ್ಕಿದ್ದನ್ನು ಮಾರಬೇಕು. ರಾಯಚೂರಿನ ಪರ ಇರುವ ಒಂದು ಗಟ್ಟಿ ಅಂಶ ಇದೇ: ಪಕ್ಕದಲ್ಲಿ ಶಕ್ತಿನಗರದ 1,720 ಮೆಗಾವಾಟ್ ಸ್ಥಾವರ ಪುಡಿಯನ್ನೇ ಉರಿಸುತ್ತದೆ. ಅಮೆರಿಕದ ನಾರ್ತ್ ಡಕೋಟದ ಗ್ರೇಟ್ ಪ್ಲೇನ್ಸ್ ಸ್ಥಾವರ 1984ರಿಂದ ಹೀಗೆಯೇ ನಡೆದಿದೆ. ಪಕ್ಕದ ಗಣಿಯ ಲಿಗ್ನೈಟಿನಲ್ಲಿ ಉಂಡೆ 14 ಗ್ಯಾಸಿಫೈಯರುಗಳಿಗೆ, ಪುಡಿ ಬೇಲಿಯಾಚೆಯ ವಿದ್ಯುತ್ ಸ್ಥಾವರಕ್ಕೆ.

ಪುಡಿ ಅನಿಲದ ಒತ್ತಿನಲ್ಲಿ ಕುದಿಯುವಂತೆ ತೇಲುವ ದ್ರವೀಕೃತ ಹಾಸಿಗೆಯದು 8–10 ಮಿ.ಮೀ.ಗಿಂತ ಸಣ್ಣದನ್ನೆಲ್ಲ ತಿನ್ನುತ್ತದೆ, ಬೂದಿ ಶೇ. 40 ಇದ್ದರೂ ಸರಿ. ಬೂದಿ ಮೆತ್ತಗಾಗುವ ಉಷ್ಣತೆಗಿಂತ ಕೆಳಗೆ, 1,000 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಓಡುವುದರಿಂದ ಸ್ವಲ್ಪ ಇಂಗಾಲ ಹಾರುಬೂದಿಯೊಂದಿಗೆ ಸೋರಿಹೋಗುತ್ತದೆ. ಭಾರತದ ಕಲ್ಲಿದ್ದಲಿಗೆ ಸಹಜವಾಗಿ ಹೊಂದುವುದು ಇದು. ಬಿಎಚ್‌ಇಎಲ್ ಹೈದರಾಬಾದಿನಲ್ಲಿ ಬೆಳೆಸಿರುವುದೂ ಇದೇ ದಾರಿ. ಕೋಲ್ ಇಂಡಿಯಾ ಜೊತೆ ಸೇರಿ ಒಡಿಶಾದ ಲಖನ್‌ಪುರದಲ್ಲಿ ದಿನಕ್ಕೆ 2,000 ಟನ್ ಅಮೋನಿಯಂ ನೈಟ್ರೇಟಿನ ಯೋಜನೆಗೆ ಅದನ್ನೇ ಇಟ್ಟುಕೊಂಡಿದೆ. ಜಾಗ ಗಮನಿಸಿ, ಗಣಿಯ ಪಕ್ಕ.

ಮೂರನೆಯದು ಧೂಳಿನಷ್ಟು ನುಣ್ಣಗೆ ಅರೆದು 1,400–1,600 ಡಿಗ್ರಿಯಲ್ಲಿ ಉರಿಸಿ ಬೂದಿಯನ್ನು ಕರಗಿಸಿ ಹರಿಸುವಂಥದು. ಅನಿಲ ಶುದ್ಧ, ಟಾರ್ ಇಲ್ಲ, ದೊಡ್ಡ ಗಾತ್ರಕ್ಕೆ ಸೂಕ್ತ. ಆದರೆ ನಮ್ಮ ಬೂದಿಯಲ್ಲಿ ಸಿಲಿಕಾ, ಅಲ್ಯೂಮಿನಾ ಜಾಸ್ತಿ, ಅದು ಸುಲಭಕ್ಕೆ ಕರಗದು. ಸುಣ್ಣದ ಕಲ್ಲು ಬೆರೆಸಬೇಕು. ಬೂದಿ ಶೇ. 25–30 ದಾಟಿದರೆ ಕಲ್ಲು ಕರಗಿಸುವುದಕ್ಕೇ ಆಮ್ಲಜನಕ ಖರ್ಚು. ತಾಲ್ಚೇರ್‌ನ ರಸಗೊಬ್ಬರ ಯೋಜನೆ (ವರ್ಷಕ್ಕೆ 12.7 ಲಕ್ಷ ಟನ್ ಯೂರಿಯಾ) ಸ್ಥಳೀಯ ಕಲ್ಲಿದ್ದಲಿಗೆ ಪೆಟ್‌ಕೋಕ್ (ತೈಲ ಸಂಸ್ಕರಣೆಯ ಘನ ಉಳಿಕೆ) ಬೆರೆಸುವ ದಾರಿ ಹಿಡಿದಿದ್ದು ಇದಕ್ಕಾಗಿ. ಪೆಟ್‌ಕೋಕ್‌ನಲ್ಲಿ ಬೂದಿ ಇಲ್ಲವೆನ್ನುವಷ್ಟು ಕಡಿಮೆ, ಬೆರೆಸಿದಾಗ ಒಟ್ಟು ಬೂದಿ ಇಳಿಯುತ್ತದೆ. ಗಂಧಕ ಮಾತ್ರ ಏರುತ್ತದೆ, ಅದನ್ನು ತೆಗೆಯುವ ಘಟಕವನ್ನು ಆ ಅಳತೆಗೆ ಕಟ್ಟಬೇಕು. ತೊಳೆದ ಕಲ್ಲಿದ್ದಲಿನ ಹಣ ಮರಳುವುದು ಈ ಜಾತಿಯಲ್ಲಿ.

ಖರೀದಿಯಲ್ಲಿ ಎಡವುವ ಜಾಗ ತೇವಾಂಶ. ಕಲ್ಲಿದ್ದಲಿನ ದರ್ಜೆಯನ್ನು ಪ್ರಯೋಗಾಲಯದಲ್ಲಿ 40 ಡಿಗ್ರಿ, ಶೇ. 60 ಆರ್ದ್ರತೆಯಲ್ಲಿ ಸಮತೋಲನಕ್ಕೆ ತಂದ ಮಾದರಿಯ ಮೇಲೆ ಕಟ್ಟುತ್ತಾರೆ. ನಿಮ್ಮ ಅಂಗಳಕ್ಕೆ ಬರುವುದು ಮಳೆಯಲ್ಲಿ ನೆಂದದ್ದು. ಸಮತೋಲನದಲ್ಲಿ ತೇವಾಂಶ ಶೇ. 6, ಬಂದ ಸರಕಿನಲ್ಲಿ 13 ಎಂದುಕೊಳ್ಳಿ. 3,850ನ್ನು 87ರಿಂದ ಗುಣಿಸಿ 94ರಿಂದ ಭಾಗಿಸಿ, 3,563 ಬಂತು. ಕಾಗದದಲ್ಲಿ ಜಿ12, ಕೈಯಲ್ಲಿ ಜಿ13ರ ಶಾಖ. ಯಾರೂ ಮೋಸ ಮಾಡಿಲ್ಲ, ಆದರೂ ಶೇ. 7 ಶಾಖ ಹೋಯಿತು. ಆ ನೀರಿನ ತೂಕಕ್ಕೂ ಬಾಡಿಗೆ ಕೊಟ್ಟಾಗಿದೆ. ಒಪ್ಪಂದದಲ್ಲಿ ತೇವಾಂಶಕ್ಕೆ ತೂಕದ ಹೊಂದಾಣಿಕೆ, ತುಂಬುವ ಕಡೆ ಮತ್ತು ಇಳಿಸುವ ಕಡೆ ಎರಡರಲ್ಲೂ ಮೂರನೆಯವರ ಮಾದರಿ ಪರೀಕ್ಷೆ, ಎರಡರ ನಡುವೆ ತಕರಾರಾದರೆ ತೀರ್ಮಾನಕ್ಕೆ ಉಳಿಸಿಟ್ಟ ಮೂರನೇ ಮಾದರಿ, ಇವಿಲ್ಲದೆ ಸಹಿ ಹಾಕಬಾರದು. ಗ್ಯಾಸಿಫೈಯರಿನವರಿಗೆ ಶಾಖದ ಸಂಖ್ಯೆ ಮಾತ್ರ ಸಾಲದು. ಬೂದಿ ಕರಗುವ ಉಷ್ಣತೆ, ಅಂಟುವ ಗುಣ, ಕ್ಲೋರಿನ್, ಗಾತ್ರದ ಹಂಚಿಕೆ ಇವನ್ನೂ ಒಪ್ಪಂದದ ಷರತ್ತಾಗಿ ಬರೆಸಬೇಕು. ದರ್ಜೆ ಒಂದೇ ಇದ್ದರೂ ಒಂದು ಪದರದ ಬೂದಿ 1,350 ಡಿಗ್ರಿಯಲ್ಲಿ ಹರಿದರೆ ಪಕ್ಕದ ಪದರದ್ದು 1,500 ದಾಟಿಯೂ ಹರಿಯದಿರಬಹುದು.

ರೈಲಿನ ಕಡೆ ಬಂದರೆ, ದಿನಕ್ಕೆ 2,000 ಟನ್ ಮೆಥನಾಲ್‌ಗೆ 5,600 ಟನ್ ಕಲ್ಲಿದ್ದಲು, ಅಂದರೆ ಸುಮಾರು ಒಂದೂವರೆ ರೇಕ್. ದಿನಕ್ಕೆ 20,000 ಬ್ಯಾರೆಲ್ಲಿನ ಡೀಸೆಲ್ ಸ್ಥಾವರಕ್ಕೆ 16,400 ಟನ್, ನಾಲ್ಕಕ್ಕಿಂತ ಹೆಚ್ಚು ರೇಕ್. ಶಕ್ತಿನಗರದ ಎಂಟೂ ಘಟಕಗಳು ಪೂರ್ತಿ ಹೊರೆಯಲ್ಲಿ ಓಡಿದರೆ ಏಳೆಂಟು ರೇಕ್ ಬೇಕು, ಪಕ್ಕದಲ್ಲೇ ಯರಮರಸ್‌ನ 1,600 ಮೆಗಾವಾಟ್ ಇದೆ, ಬಳ್ಳಾರಿಯ ಕುಡಿತಿನಿಯಲ್ಲಿ 1,700. ಅದೇ ಹಳಿಯಲ್ಲಿ ಇನ್ನೂ ನಾಲ್ಕು ರೇಕ್ ತೂರಿಸುವುದು ನಕ್ಷೆಯ ಮೇಲೆ ಸುಲಭ. ರೈಲ್ವೆ ಬಾಡಿಗೆ ವ್ಯಾಗನ್ನಿನ ಸಾಮರ್ಥ್ಯಕ್ಕೆ, ಕಡಿಮೆ ತುಂಬಿದರೆ ಖಾಲಿ ಜಾಗಕ್ಕೂ ಬಾಡಿಗೆ, ಹೆಚ್ಚು ತುಂಬಿದರೆ ದಂಡ. ಗಣಿಯಲ್ಲಿ ತೂಕದ ಸೇತುವೆ ಕೆಟ್ಟಿದ್ದರೆ ಎರಡೂ ನಿಮ್ಮ ತಲೆಗೆ. ಮೇಲ್ತೆರೆದ ಬಾಕ್ಸ್ ವ್ಯಾಗನ್ನನ್ನು ಟಿಪ್ಲರ್ ಮಗುಚಬೇಕು. ಗಂಟೆಗೆ 12–15 ವ್ಯಾಗನ್ ಆದರೆ 58 ವ್ಯಾಗನ್ನಿಗೆ ನಾಲ್ಕೈದು ಗಂಟೆ. ಮಳೆಗಾಲದಲ್ಲಿ ಕಲ್ಲಿದ್ದಲು ಅಂಟಿ ನಿಂತರೆ ಅದು ದುಪ್ಪಟ್ಟಾಗುತ್ತದೆ, ಬಿಡುವಿನ ಅವಧಿ ಮೀರಿ ಡೆಮರೇಜ್ (ತಡದ ದಂಡ) ಶುರು. ಒಂದೇ ಟಿಪ್ಲರ್ ನಂಬಿ ದಿನಕ್ಕೆ ನಾಲ್ಕು ರೇಕ್ ಯೋಜಿಸಬಾರದು, ಕನಿಷ್ಠ ಎರಡು ಬೇಕು, ಎದುರಿಗೆ ಕಬ್ಬಿಣದ ತುಂಡು ಹಿಡಿಯುವ ಆಯಸ್ಕಾಂತವೂ ಬಂಡೆ ತಡೆಯುವ ಜಾಲರಿಯೂ ಬೇಕು.

ಇದೆಲ್ಲಕ್ಕಿಂತ ದೊಡ್ಡ ಅಪಾಯ ಸರದಿಯದು. ಕೊರತೆ ಬಂದಾಗ ದೇಶದಲ್ಲಿ ಕಲ್ಲಿದ್ದಲು ಮೊದಲು ವಿದ್ಯುತ್ತಿಗೆ. 2021ರ ಅಕ್ಟೋಬರಿನಲ್ಲಿ, 2022ರ ಏಪ್ರಿಲಿನಲ್ಲಿ ಇದು ಕಣ್ಣಿಗೆ ಕಂಡಿತು. ಕಲ್ಲಿದ್ದಲು ರೇಕ್‌ಗಳಿಗೆ ದಾರಿ ಬಿಡಲು ಪ್ರಯಾಣಿಕರ ರೈಲುಗಳನ್ನೇ ರದ್ದು ಮಾಡಿದರು. ವಿದ್ಯುತ್ತೇತರ ಉದ್ಯಮಗಳು ಕಾಯಬೇಕಾಯಿತು. ವಿದ್ಯುತ್ ಘಟಕವನ್ನು ಅರ್ಧ ಹೊರೆಗೆ ಇಳಿಸಿ ನಡೆಸಬಹುದು. ಗ್ಯಾಸಿಫೈಯರ್, ಆಮ್ಲಜನಕ ಘಟಕ, ವೇಗವರ್ಧಕದ ರಿಯಾಕ್ಟರ್ ಒಂದಕ್ಕೊಂದು ಬೆಸೆದ ಸರಪಳಿ. ನಿಂತರೆ ಮತ್ತೆ ಎಲ್ಲವನ್ನೂ ಬಿಸಿ ಮಾಡಿ, ಒತ್ತಡಕ್ಕೆ ತಂದು, ಅನಿಲದ ಪ್ರಮಾಣ ಹೊಂದಿಸಲು ದಿನಗಳು ಬೇಕು. ಪ್ರತಿ 1,000 ಕೋಟಿ ಬಂಡವಾಳಕ್ಕೆ ಶೇ. 12ರ ವಾರ್ಷಿಕ ಹೊರೆ ಹಿಡಿದು ಓಡುವ 330 ದಿನಕ್ಕೆ ಹಂಚಿದರೂ ನಿಂತ ಒಂದೊಂದು ದಿನಕ್ಕೆ 36 ಲಕ್ಷ. ಇಂಥ ಸ್ಥಾವರಗಳು ಹಲವು ಸಾವಿರ ಕೋಟಿಯವು, ಲೆಕ್ಕ ನೀವೇ ಹಾಕಿ.

ಹಾಗಾದರೆ ದಾಸ್ತಾನು ಜಾಸ್ತಿ ಇಡೋಣವೆಂದರೆ, 30 ದಿನದ್ದು ಮೆಥನಾಲ್ ಸ್ಥಾವರಕ್ಕೆ 1.7 ಲಕ್ಷ ಟನ್, ರಾಯಚೂರಿನ ದರದಲ್ಲಿ 70 ಕೋಟಿ ರೂಪಾಯಿ ನೆಲದ ಮೇಲೆ. ಬೇಸಿಗೆಯಲ್ಲಿ 42 ಡಿಗ್ರಿ ದಾಟುವ ಊರಲ್ಲಿ ರಾಶಿ ತಾನೇ ಹೊತ್ತಿಕೊಳ್ಳುತ್ತದೆ. ಪದರ ಪದರವಾಗಿ ಒತ್ತಿ ಗಾಳಿ ತೆಗೆಯಬೇಕು, ಇಳಿಜಾರನ್ನು ಮೆತ್ತಗೆ ಇಡಬೇಕು, ಮೊದಲು ಬಂದದ್ದು ಮೊದಲು ಹೋಗಬೇಕು, ರಾಶಿಯೊಳಗಿನ ಉಷ್ಣತೆ 60 ಡಿಗ್ರಿ ಸಮೀಪಿಸಿದರೆ ಆ ಭಾಗವನ್ನು ಅಗೆದು ಹರಡಬೇಕು. ಮೇಲೆ ನೀರು ಚಿಮುಕಿಸಿ ಸಮಾಧಾನಪಟ್ಟರೆ ಒಳಗಿನ ಬೆಂಕಿ ಹಾಗೇ ಇರುತ್ತದೆ.

ಹತ್ತಿರದ ಮೂಲ ಹುಡುಕಿದರೆ? ತೆಲಂಗಾಣದ ಸಿಂಗರೇಣಿ ಗಣಿಗಳ ರಾಮಗುಂಡಂ ಇಲ್ಲಿಗೆ ಸುಮಾರು 500 ಕಿ.ಮೀ. ಬಾಡಿಗೆ 950ಕ್ಕೆ ಇಳಿಯುತ್ತದೆ, ಆದರೆ ಸಿಂಗರೇಣಿಯ ಕಲ್ಲಿದ್ದಲು ಕೋಲ್ ಇಂಡಿಯಾದ್ದಕ್ಕಿಂತ ದುಬಾರಿ. ಎಲ್ಲ ಸೇರಿ ಗಣಿಯಲ್ಲಿ 2,800, ಶಾಖ 17.4 ಗಿಗಾಜೂಲ್ ಎಂದು ಹಿಡಿದರೆ ಬಾಗಿಲಲ್ಲಿ 3,850 ರೂಪಾಯಿ, ಗಿಗಾಜೂಲಿಗೆ 221. ದೂರ ಮೂರನೇ ಒಂದಕ್ಕೆ ಇಳಿದರೂ ಶಾಖದ ಬೆಲೆ ಶೇ. 14 ಮಾತ್ರ ಇಳಿಯಿತು. ಇಂಡೋನೇಷ್ಯಾದ 4,200 ಕಿಲೋಕ್ಯಾಲೊರಿಯದು ಕೃಷ್ಣಪಟ್ಟಣಂ ಬಂದರಿನಲ್ಲಿ 5,000 ರೂಪಾಯಿ ಎಂದುಕೊಂಡರೆ, ರೈಲು ಸೇರಿ ಬಳ್ಳಾರಿಯಲ್ಲಿ 6,050, ಗಿಗಾಜೂಲಿಗೆ 344. ಬೂದಿ ಬಹಳ ಕಡಿಮೆ, ಕರಗಿಸುವ ಗ್ಯಾಸಿಫೈಯರಿಗೆ ಹಬ್ಬ. ಆದರೆ ತೇವಾಂಶ ಶೇ. 30 ಮೀರುತ್ತದೆ, ಒಣಗಿಸಲು ಶಾಖ ಬೇಕು, ಡಾಲರಿನ ಏರಿಳಿತ ಬೇರೆ. 2022ರ ಜನವರಿಯಲ್ಲಿ ಆ ದೇಶ ರಫ್ತನ್ನೇ ನಿಲ್ಲಿಸಿತ್ತು. ಆಮದು ಕಲ್ಲಿದ್ದಲಿನ ಸ್ಥಾವರ ಬಂದರಿನಲ್ಲೇ ಇರಬೇಕು. ಉಡುಪಿಯ ಯೆಲ್ಲೂರಿನ ವಿದ್ಯುತ್ ಸ್ಥಾವರ ನವಮಂಗಳೂರು ಬಂದರಿನ ಆಸರೆಯಲ್ಲಿ ನಿಂತಿರುವುದು ಹಾಗೆಯೇ.

ತೋರಣಗಲ್ಲಿನಲ್ಲಿ 1999ರಿಂದ ನಡೆದ, ಅದಿರಿನಿಂದ ಕಬ್ಬಿಣ ತೆಗೆಯುವ ಕೋರೆಕ್ಸ್ ಕುಲುಮೆಯೂ ಒಂದು ಬಗೆಯ ಗ್ಯಾಸಿಫೈಯರೇ ಅಲ್ಲವೇ, ಅದು ದೂರದ ಕಲ್ಲಿದ್ದಲಿನಿಂದ ಹೇಗೆ ನಡೆಯಿತು ಎಂದು ಕೆಲವರು ಕೇಳುತ್ತಾರೆ. ಅಲ್ಲಿ ಭಾರದ ಸರಕು ಅದಿರು. ಒಂದು ಟನ್ ಕಬ್ಬಿಣಕ್ಕೆ ಒಂದೂವರೆ ಟನ್ನಿಗೂ ಹೆಚ್ಚು ಅದಿರು, ಒಂದು ಟನ್ನಿನ ಆಸುಪಾಸು ಕಲ್ಲಿದ್ದಲು, ಮತ್ತು ಅದಿರು ಸಂಡೂರಿನ ಬೆಟ್ಟದಲ್ಲೇ ಇದೆ. ಹಗುರವಾದದ್ದು ಭಾರವಾದದ್ದರ ಹತ್ತಿರ ಬಂತು. ಇಂಧನದಲ್ಲಿ ಅಂಥ ಎರಡನೇ ಸರಕಿಲ್ಲ, ನೀರು ಬಿಟ್ಟರೆ. ನೀರಿನ ವಿಷಯಕ್ಕೆ ಕೃಷ್ಣೆ ಇದ್ದರೂ ಹಂಚಿಕೆಯ ಪಾಲು ಸಿಗಬೇಕು, ಅದು ಬೇರೆಯೇ ಅಧ್ಯಾಯ.

ಜಗತ್ತಿನಲ್ಲಿ ಈ ಉದ್ಯಮ ಉಳಿದ ಜಾಗಗಳೆಲ್ಲ ಗಣಿಯ ಮಗ್ಗುಲಿನವು. ಯುದ್ಧಪೂರ್ವ ಜರ್ಮನಿಯ ಲ್ಯೂನಾ ಕಂದು ಕಲ್ಲಿದ್ದಲಿನ ಗಣಿಗಳ ನಡುವೆ ಇತ್ತು. 1973ರ ತೈಲ ಬಿಕ್ಕಟ್ಟಿನ ನಂತರ ಕಟ್ಟಿದ ಸೆಕುಂಡಾಕ್ಕೆ ಕಲ್ಲಿದ್ದಲು ಬರುವುದು ಬೆಲ್ಟಿನ ಮೇಲೆ, ಕೆಲವು ಬೆಲ್ಟುಗಳು 20 ಕಿ.ಮೀ.ಗೂ ಉದ್ದ. ಅಲ್ಲಿ ವ್ಯಾಗನ್ ಕಾಯುವ ಮಾತೇ ಇಲ್ಲ, ಒಂದು ಗಣಿ ನಿಂತರೆ ಇನ್ನೊಂದರಿಂದ ಬೆರೆಸುತ್ತಾರೆ. ಚೀನಾದ ನಿಂಗ್‌ಶಿಯಾದಲ್ಲಿ 2016ರ ಡಿಸೆಂಬರಿನಲ್ಲಿ ಶುರುವಾದ ವರ್ಷಕ್ಕೆ 40 ಲಕ್ಷ ಟನ್ನಿನ ಸ್ಥಾವರವೂ ಕಲ್ಲಿದ್ದಲ ನೆಲದಲ್ಲೇ ಇದೆ. ಗಣಿಯಿಂದ ದೂರ ಇದ್ದೂ ನಡೆಯುವುದಕ್ಕೆ ನಮ್ಮಲ್ಲಿ ಒಳ್ಳೆಯ ಉದಾಹರಣೆ ಜಾಮ್‌ನಗರ. ಅಲ್ಲಿ ಅನಿಲೀಕರಿಸುವುದು ಪೆಟ್‌ಕೋಕನ್ನು, ಅದು ಅದೇ ರಿಫೈನರಿಯ ಉಳಿಕೆ, ಸಾಗಣೆ ಇಲ್ಲವೇ ಇಲ್ಲ.

ಕರ್ನಾಟಕ ಈ ಉದ್ಯಮದಲ್ಲಿ ಕಾಲಿಡಲೇಬೇಕೆಂದರೆ ದಾರಿ ಇದೆ, ಅದು ರಾಜ್ಯದ ಗಡಿಯಾಚೆ ಹೋಗುತ್ತದೆ. ಮಹಾರಾಷ್ಟ್ರದ ಚಂದ್ರಾಪುರ ಜಿಲ್ಲೆಯ ಬರಾಂಜ್ ಗಣಿ ನಮ್ಮ ವಿದ್ಯುತ್ ನಿಗಮಕ್ಕೆ ಹಂಚಿಕೆಯಾದದ್ದು. ಗಡಿಯಾಚೆ ಗಣಿ ಹಿಡಿಯುವುದು ರಾಜ್ಯಕ್ಕೆ ಹೊಸದಲ್ಲ. ವಾಣಿಜ್ಯ ಗಣಿ ಹರಾಜಿನಲ್ಲಿ, ಉತ್ಪಾದನೆಯ ಕನಿಷ್ಠ ಶೇ. 10 ಅನಿಲೀಕರಣಕ್ಕೆ ಹೋದರೆ ಆ ಪಾಲಿನ ಮೇಲಿನ ಆದಾಯ ಹಂಚಿಕೆಯಲ್ಲಿ ಶೇ. 50 ರಿಯಾಯಿತಿ ಇದೆ. ಲಿಂಕೇಜ್ ಹರಾಜಿನಲ್ಲೂ ಸಿನ್‌ಗ್ಯಾಸಿಗೆ 2022ರಲ್ಲಿ ಪ್ರತ್ಯೇಕ ಉಪವಲಯ ಮಾಡಿದ್ದಾರೆ. ಗಣಿಯ ಪಕ್ಕದ ಸ್ಥಾವರದಲ್ಲಿ ಪಾಲು ಹಿಡಿದು ಮೆಥನಾಲನ್ನು ಟ್ಯಾಂಕ್ ವ್ಯಾಗನ್ನಿನಲ್ಲಿ ಇಲ್ಲಿನ ರಾಸಾಯನಿಕ ಉದ್ಯಮಗಳಿಗೆ ತರಿಸುವುದು ಹಳಿಯ ಮೇಲೆ ಬೂದಿ ತರಿಸುವುದಕ್ಕಿಂತ ಬುದ್ಧಿವಂತಿಕೆ. ಕೆಲಸಗಳು ಇಲ್ಲಿಗೆ ಬರುವುದಿಲ್ಲವಲ್ಲ ಎಂಬ ನಿಮ್ಮ ಬೇಸರ ಅರ್ಥವಾಗುತ್ತದೆ. ಆದರೆ ನಾಲ್ಕನೇ ವರ್ಷಕ್ಕೆ ಬಾಗಿಲು ಹಾಕುವ ಸ್ಥಾವರ ಉಳಿಸಿಹೋಗುವುದು ಸಾಲ ಮತ್ತು ಬೂದಿಕೆರೆ.

ಇಷ್ಟಾದ ಮೇಲೂ ಯಾರಾದರೂ ರಾಯಚೂರಿಗೆ ಯೋಜನೆ ತಂದರೆ, ಅವರ ಬಳಿ ಮೂರು ಕಾಗದ ಕೇಳಿ. ಮೊದಲನೆಯದು, ಯಾವ ಗಣಿಯ ಯಾವ ಪದರದಿಂದ ಎಷ್ಟು ವರ್ಷ ಕಲ್ಲಿದ್ದಲು ಎಂಬ ಪೂರೈಕೆ ಒಪ್ಪಂದ, ಅದರಲ್ಲಿ ವಾರ್ಷಿಕ ಪ್ರಮಾಣದ ಶೇಕಡಾ ಎಷ್ಟಕ್ಕಿಂತ ಕಡಿಮೆ ಕೊಟ್ಟರೆ ಗಣಿಯವರು ಪರಿಹಾರ ಕೊಡಬೇಕು ಎಂಬ ಸಾಲು. ಎರಡನೆಯದು, ಆ ಮಾರ್ಗದಲ್ಲಿ ದಿನಕ್ಕೆ ಇಷ್ಟು ರೇಕ್ ಓಡಿಸಬಹುದೆಂದು ರೈಲ್ವೆ ಕೊಟ್ಟ ಲಿಖಿತ ಒಪ್ಪಿಗೆ. ಮೂರನೆಯದು, ಅದೇ ಕಲ್ಲಿದ್ದಲನ್ನು ಅದೇ ಜಾತಿಯ ಗ್ಯಾಸಿಫೈಯರಿನಲ್ಲಿ ನೂರಾರು ಟನ್ ಓಡಿಸಿ ನೋಡಿದ ಪರೀಕ್ಷಾ ವರದಿ. ಕೆ.ಜಿ. ಲೆಕ್ಕದ ಪ್ರಯೋಗಾಲಯದ ಫಲಿತಾಂಶ ಇದಕ್ಕೆ ಸಾಲದು. ಪರೀಕ್ಷೆಯ ಸರಕನ್ನು ಮಳೆಗಾಲದಲ್ಲಿ, ರೈಲಿನಲ್ಲೇ ತಂದು, ಟಿಪ್ಲರಿನಲ್ಲೇ ಮಗುಚಿ ತೆಗೆದಿರಬೇಕು. ಗಣಿಯಲ್ಲಿ ಕೈಯಿಂದ ಆರಿಸಿದ ಒಣ ಉಂಡೆಗಳ ಮೇಲೆ ಮಾಡಿದ ಪರೀಕ್ಷೆಯಾಗಿದ್ದರೆ ಆ ವರದಿಯ ಯಾವ ಸಂಖ್ಯೆಯನ್ನೂ ಮೇಲಿನ ಲೆಕ್ಕಕ್ಕೆ ತುಂಬಬೇಡಿ.